ಹೆಸರು ಬೇಡ, ಅಳತೆ ಹೇಳಿ

ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡ ಒಂದು ಚಿಕ್ಕ ಜಾಗ ಇರುತ್ತದೆ. ಬಿಲ್ಡರುಗಳು ಅದನ್ನು ‘ಡ್ರೈ ಬಾಲ್ಕನಿ’ ಎನ್ನುತ್ತಾರೆ. ಅದು ಒಣಗಿದ್ದನ್ನು ಮಾತ್ರ ನಾನು ಇವತ್ತಿನವರೆಗೆ ನೋಡಿಲ್ಲ. ಕಳೆದ ತಿಂಗಳ ಒಂದು ಭಾನುವಾರ ಸಂಜೆ ಅಲ್ಲಿ ಕೂತು ಅಪ್ಪನ ಮೋಟಾರ್‌ಸೈಕಲ್ಲಿನ ಕಾರ್ಬೊರೇಟರ್ ಜೋಡಿಸುತ್ತಿದ್ದೆ. ಮೂರು ವಾರ ಥಾಣೆ, ಕಲ್ಯಾಣ, ನವಿಮುಂಬಯಿ ಸುತ್ತಿ ಕೂಡಿಹಾಕಿದ ಸಾಮಾನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿತ್ತು. ಫ್ಲೋಟನ್ನು ಹಿಡಿದು ನಿಲ್ಲಿಸುವ ಪಿನ್ ಎತ್ತಿಕೊಂಡೆ. ಬೆರಳಿನಿಂದ ಜಾರಿತು. ಟೈಲ್ಸ್ ಮೇಲೆ ‘ಟಿಣ್’ ಎಂದಿತು, ವಾಷಿಂಗ್ ಮಷೀನಿನ ಕೆಳಗೆ ಉರುಳಿತು, ನೀರು ಹೋಗುವ ಜಾಲರಿಯ ತೂತಿನಲ್ಲಿ ಇಳಿದು ಹೋಯಿತು.

ನಮ್ಮದು ಆರನೇ ಮಹಡಿ. ಗುರುವಾರ ಬೆಳಿಗ್ಗೆ ಗಾಡಿ ಕಲ್ಯಾಣದ ಆರ್‌ಟಿಒ ಮುಂದೆ ತಪಾಸಣೆಗೆ ನಿಲ್ಲಬೇಕಿತ್ತು.

ಮೊದಲಿನಿಂದ ಹೇಳುತ್ತೇನೆ. ಗಾಡಿ 1989ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಯೆಜ್ಡಿ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಐಡಿಯಲ್ ಜಾವಾ ಕಂಪನಿಯನ್ನು 1960ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ್ದು ಮುಂಬಯಿಯ ಇರಾನಿ ಕುಟುಂಬ. ಯಾದವಗಿರಿಯ ಕಾರ್ಖಾನೆಯನ್ನು ಮರುವರ್ಷ ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಗಾಡಿ, 1973ರಿಂದ ಅದೇ ಬುಡದ ಮೇಲೆ ಯೆಜ್ಡಿ ಎಂಬ ಹೆಸರು. ಒಂದು ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ನನಗೆ ಆಗ ಒಂಬತ್ತು ವರ್ಷ. ಅಪ್ಪ ಅಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬಂದ ಭಾಗಗಳ ಅಳತೆ ಸರಿಯಿದೆಯೇ ಎಂದು ನೋಡಿ ‘ಪಾಸ್’ ಅಥವಾ ‘ರಿಜೆಕ್ಟ್’ ಅನ್ನುವುದು ಅವರ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವರು ಮನೆಯಲ್ಲಿ ಚಪಾತಿಯನ್ನೂ ಹಾಗೇ ನೋಡುತ್ತಿದ್ದರು ಎಂದು ಅಮ್ಮ ನಗುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ಅಪ್ಪನನ್ನು ಇಲ್ಲಿಗೆ ಕರೆತಂದೆವು. ಎಪ್ಪತ್ತೆರಡು ವಯಸ್ಸು, ಬಲಗೈ ಸ್ವಲ್ಪ ನಡುಗುತ್ತದೆ. ಬೆಳಿಗ್ಗೆ ಮೊಬೈಲಿನಲ್ಲಿ ಮೈಸೂರಿನ ಪೇಪರ್ ಓದಿ ಮುಗಿಸಿದ ಮೇಲೆ ಅವರ ದಿನದಲ್ಲಿ ಇನ್ನೂ ಹದಿಮೂರು ಹದಿನಾಲ್ಕು ಗಂಟೆ ಬಾಕಿ ಉಳಿದಿರುತ್ತಿತ್ತು. ಗಾಡಿ ಬೇಕು ಅಂತ ಅವರು ಕೇಳಲಿಲ್ಲ, ಮಾರಿಬಿಡು ಅಂತಲೂ ಅನ್ನಲಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಆ ಗಡುವು ಹತ್ತಿರ ಬರುತ್ತಿತ್ತು. ನಾನೇ ತೀರ್ಮಾನ ಮಾಡಿ ಮೈಸೂರಿನಿಂದ ಎನ್‌ಒಸಿ ತೆಗೆಸಿ, ಗಾಡಿಯನ್ನು ಲಾರಿಯಲ್ಲಿ ತರಿಸಿದೆ. ಇನ್ನು ಅದು ಎಂಎಚ್ 05 ಆಗಬೇಕು. ಅದಕ್ಕೆ ಮೊದಲು ಸ್ಟಾರ್ಟ್ ಆಗಬೇಕು.

ಆಗಲಿಲ್ಲ. ಒಂದೂವರೆ ವರ್ಷ ನಿಂತ ಗಾಡಿ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿಹೋಗಿ, ಕಂದು ಬಣ್ಣದ ಅಂಟು ಕೂತಿತ್ತು. ಹಲಸಿನ ಹಣ್ಣಿನ ಮೇಣ ಇದ್ದ ಹಾಗೆ. ಇದರ ಜೊತೆಗೆ 2023ರಿಂದ ನಮ್ಮಲ್ಲಿ ಬರುತ್ತಿರುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್ ಆನ್ ಮಾಡಿದರೆ ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಿ ಪಾರ್ಕಿಂಗ್ ತುಂಬ ವಾಸನೆ. ವಾಚ್‌ಮನ್ ಎರಡು ಸಲ ಬಂದು ಹೋದ.

ನಾನು ಸಾಫ್ಟ್‌ವೇರಿನವನು. ಮಾಡಿದ ಮೊದಲ ಕೆಲಸ, ಐರೋಲಿಯ ಆಫೀಸಿನಲ್ಲಿ ಲಂಚ್ ಹೊತ್ತಿಗೆ ಮೊಬೈಲ್ ತೆಗೆದು ‘ಯೆಜ್ಡಿ ಕಾರ್ಬೊರೇಟರ್ ಕಿಟ್’ ಎಂದು ಹುಡುಕಿ ಆರ್ಡರ್ ಮಾಡಿದ್ದು. ಮೂರು ದಿನಕ್ಕೆ ಬಂತು. ಗಾಡಿಯ ಕಾರ್ಬೊರೇಟರ್ ಬಿಚ್ಚಿದ್ದು ಆಮೇಲೆ. ಹೊಸ ಜೆಟ್ ತಿರುಗಿಸಿದರೆ ಎರಡು ಸುತ್ತು ಹೋಗಿ ಬಿಗಿಯಾಯಿತು. ಇನ್ನೊಂಚೂರು ಬಲ ಹಾಕೋಣ ಎಂದು ಸ್ಕ್ರೂಡ್ರೈವರ್ ಹಿಡಿದಾಗ ಹಿಂದಿನಿಂದ ಅಪ್ಪನ ದನಿ: “ನಿಲ್ಲಿಸು.”

ಇಲ್ಲಿಗೆ ಬಂದ ಮೇಲೆ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

“ಹಿತ್ತಾಳೆ ಜೆಟ್ಟು. ಬಾಡಿ ಅದಕ್ಕಿಂತ ಮೆತ್ತಗಿರೋ ಲೋಹ. ಥ್ರೆಡ್ ಕಿತ್ಕೊಂಡು ಬಂದ್ರೆ ಬಾಡಿನೇ ಗುಜರಿಗೆ. ತಗೊಳ್ಳೋ ಮುಂಚೆ ಬಾಡಿ ಮೇಲೆ ಏನು ಬರೆದಿದೆ ನೋಡಿದ್ಯಾ?”

ನೋಡಿರಲಿಲ್ಲ. ಟಾರ್ಚ್ ಹಾಕಿದೆ. ಮಿಕ್‌ಕಾರ್ಬ್ ಎಂದಿತ್ತು. ಬುಲೆಟ್ಟಿಗೆ ಬರುತ್ತಿದ್ದ ಜಾತಿಯದು. ನಾನು ತರಿಸಿದ್ದು ಜಾವಾ ಕಾಲದಿಂದ ಬಂದ ಜೆಕ್ ವಿನ್ಯಾಸದ ಜಿಕೋವ್ ಕಾರ್ಬೊರೇಟರಿನ ಕಿಟ್. ಹೆಸರು ಹಾಕಿ ಕೇಳಿದ್ದೆ, ಹೆಸರಿಗೆ ತಕ್ಕದ್ದೇ ಬಂದಿತ್ತು. ಗಾಡಿಯಲ್ಲಿ ಮಾತ್ರ ಅದಿರಲಿಲ್ಲ.

“ಇದು ಯಾವಾಗ ಬಂತು ಅಪ್ಪ?”

“ಆವಾಗ ಬದಲಾಯಿಸ್ದೆ,” ಎಂದು ಹೇಳಿ ಒಳಗೆ ಹೋದರು. ಊಟ ಆದ ಮೇಲೆ ತಾವಾಗಿಯೇ ಬಂದು ಹೇಳಿದರು. ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪನ ಜೊತೆಯವರೊಬ್ಬರು ಒಂದು ಗ್ಯಾರೇಜು ತೆರೆದರು. ಮೊದಲ ಗಿರಾಕಿಯ ಗಾಡಿಗೆ ಜಿಕೋವ್ ಬಾಡಿ ಬೇಕಿತ್ತು, ಎಲ್ಲೂ ಸಿಗಲಿಲ್ಲ. “ಮೊದಲನೇ ಗಿರಾಕಿನೇ ವಾಪಸ್ ಹೋಗಬಾರದು ಅಲ್ವೇನೋ?” ಅಪ್ಪ ತಮ್ಮ ಗಾಡಿಯದನ್ನು ಬಿಚ್ಚಿ ಕೊಟ್ಟರು. ಆ ಸ್ನೇಹಿತರು ಕೆಲವು ತಿಂಗಳಾದ ಮೇಲೆ ಈ ಮಿಕ್‌ಕಾರ್ಬ್ ತಂದು, ತಾವೇ ಕೂರಿಸಿ, ಜೆಟ್ ಹೊಂದಿಸಿ ಕೊಟ್ಟರು. ಇಷ್ಟು ವರ್ಷ ನಾನು ಹಿಂದೆ ಕೂತು ಸ್ಕೂಲಿಗೆ ಹೋದ ಗಾಡಿಯ ವಿಷಯ, ನನಗೆ ಗೊತ್ತೇ ಇರಲಿಲ್ಲ.

ಸರಿ, ಬುಲೆಟ್ಟಿನದು ತಾನೇ, ಸುಲಭ ಅಂದುಕೊಂಡೆ. ಶನಿವಾರ ಕಲ್ಯಾಣಕ್ಕೆ ಹೋಗಿ, ಬುಲೆಟ್ ಸಾಮಾನು ಮಾರುವ ಅಂಗಡಿಯಲ್ಲಿ ‘ಬುಲೆಟ್ 350 ಕಿಟ್’ ಕೇಳಿ ತಂದೆ. ಅಪ್ಪ ಪ್ಯಾಕೆಟ್ ಒಡೆದು ಮೇನ್ ಜೆಟ್ಟನ್ನು ನನ್ನ ಅಂಗೈ ಮೇಲಿಟ್ಟರು. “ನಂಬರ್ ಓದು.” ಅವರ ಕಣ್ಣಿಗೆ ಕಾಣುವುದಿಲ್ಲ, ನನ್ನ ಕಣ್ಣಿಗೂ ಕಷ್ಟವೇ. ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿದೆ. 90. ಹಳೆಯದನ್ನು ತಿಕ್ಕಿ ತೊಳೆದು ನೋಡಿದರೆ 110.

“ಬುಲೆಟ್ ಫೋರ್ ಸ್ಟ್ರೋಕು, ಇದು ಟೂ ಸ್ಟ್ರೋಕು. 90 ಹಾಕಿ ಮುಂಬ್ರಾವರೆಗೆ ಜೋರಾಗಿ ಹೋಗು, ವಾಪಸ್ ತಳ್ಕೊಂಡು ಬರ್ತೀಯ.”

ಇದು ತಮಾಷೆಯ ಮಾತಲ್ಲ. ಯೆಜ್ಡಿಯಲ್ಲಿ ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸುತ್ತೇವೆ. ಅಪ್ಪ ಲೀಟರಿಗೆ 40 ಮಿ.ಲೀ. ಹಾಕುತ್ತಿದ್ದರು. ಜೆಟ್ಟಿನ ತೂತು ಚಿಕ್ಕದಾದರೆ ಪೆಟ್ರೋಲ್ ಕಡಿಮೆ, ಅದರ ಜೊತೆಗೆ ಆಯಿಲೂ ಕಡಿಮೆ. ಬಿಸಿ ಏರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ತೂತಿನ ವ್ಯತ್ಯಾಸಕ್ಕೆ ಇಡೀ ಎಂಜಿನ್ ಬಲಿ.

ನಂಬರಿನಲ್ಲೂ ಒಂದು ಮೋಸ ಇದೆ, ಹಳೆಯ ಗಾಡಿ ಇಟ್ಟುಕೊಂಡವರು ಗಮನಿಸಿ. ಮಿಕುನಿ ಪದ್ಧತಿಯ ಆರು ಮೂಲೆಯ ಮೇನ್ ಜೆಟ್ ಮೇಲಿನ ನಂಬರು ಅದರ ಮೂಲಕ ಎಷ್ಟು ಪೆಟ್ರೋಲ್ ಹರಿಯುತ್ತದೆ ಎಂಬ ಲೆಕ್ಕ. ಕೀಹಿನ್, ಡೆಲ್ಲೋರ್ಟೊಗಳಲ್ಲಿ ಅದು ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಅಂದರೆ ಒಂದು ಕಂಪನಿಯ 110ಕ್ಕೂ ಇನ್ನೊಂದರ 110ಕ್ಕೂ ಸಂಬಂಧವಿಲ್ಲ. ನಂಬರ್ ಕೇಳುವಾಗ ಯಾವ ಕಾರ್ಬೊರೇಟರ್ ಎಂದೂ ಹೇಳಲೇಬೇಕು. ಗಾಡಿಯ ಹೆಸರು ಕೊನೆಗೆ ಹೇಳಿದರೂ ನಡೆಯುತ್ತದೆ.

ಅವತ್ತಿನಿಂದ ಅಪ್ಪ ಪಟ್ಟಿ ಬರೆಸತೊಡಗಿದರು. ನನ್ನ ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆ, ಎಡಗಡೆ ಭಾಗದ ಹೆಸರು, ಬಲಗಡೆ ಅಳತೆ. ಹಳೆಯ ವರ್ನಿಯರ್ ಕ್ಯಾಲಿಪರ್ ಮೈಸೂರಿನಿಂದ ಬಂದ ಟ್ರಂಕಿನಲ್ಲಿತ್ತು. ಅವರು ಹಿಡಿಯುವುದು, ನಾನು ಓದುವುದು, ಮಗಳು ಬರೆಯುವುದು.

ಹಳೆಯ ಮೇನ್ ಜೆಟ್ ಚೆನ್ನಾಗಿತ್ತು, ಅದೇ ಇರಲಿ ಅಂದರು. ಕಲ್ಯಾಣದ ಕಿಟ್ಟಿನಲ್ಲಿ ಬಂದ ಫ್ಲೋಟ್ ನೀಡಲ್ ಮತ್ತು ಅದು ಕೂರುವ ಸೀಟು ಮಾತ್ರ ಪಾಸ್. ಅದನ್ನೂ ಸುಮ್ಮನೆ ಪಾಸ್ ಮಾಡಲಿಲ್ಲ. ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದು, ಪೆಟ್ರೋಲ್ ಬರುವ ನಳಿಗೆಗೆ ಪೈಪ್ ಸಿಕ್ಕಿಸಿ ಬಾಯಿಂದ ಊದಿಸಿದರು. ಗಾಳಿ ಹೋಗಬಾರದು, ಫ್ಲೋಟನ್ನು ಎತ್ತಿದ ಕೂಡಲೇ ಹೋಗಬೇಕು. ಹಾಗೇ ಆಯಿತು. ಸೀಟಿನ ಕೆಳಗಿನ ವಾಷರ್ ಎಷ್ಟು ದಪ್ಪವಿತ್ತೋ ಅಷ್ಟೇ ದಪ್ಪದ್ದು ಹಾಕಬೇಕು. ಅದು ಬದಲಾದರೆ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟವೇ ಬದಲಾಗುತ್ತದೆ.

ಪೈಲಟ್ ಜೆಟ್ ಕೆಟ್ಟಿತ್ತು. ಹಿಂದೆ ಯಾರೋ ಕಟ್ಟಿಕೊಂಡ ಕಸ ತೆಗೆಯಲು ತಂತಿ ತೂರಿಸಿ ತೂತನ್ನು ಅಗಲ ಮಾಡಿದ್ದರು. (ನಾನೂ ಪಿನ್ ಹಿಡಿದಿದ್ದೆ, ಬೈಸಿಕೊಂಡೆ. ಜೆಟ್ಟಿಗೆ ತಂತಿ ಹಾಕಬಾರದು. ಕ್ಲೀನರ್‌ನಲ್ಲಿ ನೆನೆಸಿ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಕು.) ಆಫೀಸಿಗೆ ಹೋಗಲು ದಿನಾ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಲೈನಿಗೆ ಬದಲಾಯಿಸುವವನು ನಾನು. ಒಂದು ಸಂಜೆ ಥಾಣೆಯಲ್ಲಿ ಹೊರಗೆ ಬಂದು ಮೆಕ್ಯಾನಿಕ್‌ಗಳನ್ನು ಕೇಳುತ್ತ ಕೇಳುತ್ತ ಒಂದು ಕಿರಿದಾದ ಅಂಗಡಿ ತಲುಪಿದೆ. ವಯಸ್ಸಾದ ಕಾಕಾ, ಹಿಂದೆ ಗೋಡೆ ತುಂಬ ಸುಪಾರಿ ಡಬ್ಬಿಗಳು. ನಾನು ಮೈಸೂರು, ಯೆಜ್ಡಿ, ಬುಲೆಟ್ ಎಂದು ಪುರಾಣ ಶುರು ಮಾಡಿದೆ. ಅವರು ಕೈ ಎತ್ತಿದರು. “ಗಾಡಿ ಕುಠಲೀ ತೇ ನಕಾ ಸಾಂಗೂ. ನಂಬರ್ ಸಾಂಗಾ.” ಗಾಡಿ ಯಾವುದು ಅಂತ ಬೇಡ, ನಂಬರ್ ಹೇಳಿ. ಮಿಕುನಿ ಥರದ್ದು, 30 ಎಂದೆ, ಹಳೆಯ ಜೆಟ್ಟನ್ನೂ ತೋರಿಸಿದೆ. ಎರಡು ಡಬ್ಬಿ ತೆಗೆದರು, ಒಂದನ್ನು ಹಳೆಯದರ ಪಕ್ಕ ನಿಲ್ಲಿಸಿ ಥ್ರೆಡ್ಡಿಗೆ ಥ್ರೆಡ್ ಕೂರಿಸಿ ಬೆಳಕಿಗೆ ಹಿಡಿದರು, ಮಡಚಿದ ಪೇಪರಿನಲ್ಲಿ ಕಟ್ಟಿ ಕೊಟ್ಟರು. ಮನೆಗೆ ಬಂದು ಹೇಳಿದಾಗ ಅಪ್ಪನಿಗೆ ಬಹಳ ಖುಷಿ. “ಗೊತ್ತಿರೋ ಮನುಷ್ಯ,” ಎಂದರು. ಅವರಿಬ್ಬರೂ ಎಂದೂ ಭೇಟಿಯಾಗಿಲ್ಲ.

ಪೆಟ್ರೋಲ್ ಪೈಪ್ ಕೋಪರ್‌ಖೈರಣೆಯಲ್ಲಿ ಸಿಕ್ಕಿತು. ಓ-ರಿಂಗಿಗೆ ಮಾತ್ರ ಮುಂಬಯಿಗೇ ಹೋಗಬೇಕಾಯಿತು. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ. ಅಲ್ಲಿ ಗಾಡಿಯ ಮಾತೇ ಇಲ್ಲ. ಒಳಗಿನ ವ್ಯಾಸ ಎಷ್ಟು, ರಬ್ಬರಿನ ದಪ್ಪ ಎಷ್ಟು, ಯಾವ ರಬ್ಬರು. ಮಾಮೂಲಿ ನೈಟ್ರೈಲ್‌ಗಿಂತ ವೈಟಾನ್ ಎಥನಾಲಿಗೆ ಚೆನ್ನಾಗಿ ತಡೆಯುತ್ತದೆ, ಅದನ್ನೇ ಕೇಳಿ. ಒಂದು ಓ-ರಿಂಗಿಗಾಗಿ ಡೊಂಬಿವಲಿಯಿಂದ ಬಂದವನನ್ನು ನೋಡಿ ಅಂಗಡಿಯವರು ನಕ್ಕು ಚಹಾ ಕೊಡಿಸಿದರು.

ಬಟ್ಟಲಿನ ಗ್ಯಾಸ್ಕೆಟ್ಟನ್ನು ಅಪ್ಪ ಮನೆಯಲ್ಲೇ ಮಾಡಿದರು. ಗ್ಯಾಸ್ಕೆಟ್ ಪೇಪರಿನ ಹಾಳೆಯನ್ನು ಬಾಡಿಯ ಮೇಲಿಟ್ಟು, ಚಿಕ್ಕ ಸುತ್ತಿಗೆಯಿಂದ ಅಂಚಿನ ಮೇಲೆ ಮೆತ್ತಗೆ ಬಡಿಯುತ್ತ ಬರುವುದು. ಅಂಚೇ ಕತ್ತರಿಯಾಗಿ ಪೇಪರು ಕತ್ತರಿಸಿಕೊಂಡು ಬರುತ್ತದೆ. ನಡುಗುವ ಕೈಗೆ ಕತ್ತರಿ ಕಷ್ಟ, ಸುತ್ತಿಗೆ ಕಷ್ಟವಾಗಲಿಲ್ಲ. “ಮಾವ, ಕೆಳಗಿನ ಮನೆಯವರು ಮಲಗಿರ್ತಾರೆ,” ಎಂದು ಹೆಂಡತಿ ಒಮ್ಮೆ ಹೇಳಿದಳು. ಆಮೇಲೆ ಅವಳೇ ಕೆಳಗೆ ಒಂದು ದಪ್ಪ ಟವೆಲ್ ಮಡಚಿ ಹಾಕಿದಳು.

ಹೀಗೆ ಎಲ್ಲ ಕೂಡಿಬಂದ ಮೇಲೆ ಆ ಭಾನುವಾರ, ಆ ಪಿನ್.

ಯಾವ ಕಿಟ್ಟಿನಲ್ಲೂ ಅದು ಇರಲಿಲ್ಲ. ಸವೆಯುವುದಿಲ್ಲ, ಮುರಿಯುವುದಿಲ್ಲ, ಹಾಗಾಗಿ ಯಾರೂ ಬಿಡಿಯಾಗಿ ಮಾರುವುದಿಲ್ಲ. ಅದರ ಅಳತೆಯೂ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಅದನ್ನು ಕೊಳ್ಳಬೇಕಾಗಿರಲಿಲ್ಲ. ನಾನು ಜಾಲರಿ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ, ಕೂದಲು ಮತ್ತು ಸೋಪಿನ ರಾಡಿ ಮಾತ್ರ ತೆಗೆದೆ. ಆರ್‌ಟಿಒ ದಿನಾಂಕ ಮುಂದೂಡೋಣ ಎಂದೆ.

ಅಪ್ಪ ಏನೂ ಬೈಯಲಿಲ್ಲ. “ಡ್ರಿಲ್ ಬಿಟ್ ಸೆಟ್ ಇದೆಯಾ?” ಎಂದರು. ಗೋಡೆಗೆ ಫೋಟೊ ಹಾಕಲು ತಂದದ್ದು ಉಪಯೋಗಕ್ಕೆ ಬರಲಿಲ್ಲ. ಪಕ್ಕದ ಮನೆಯ ಹುಡುಗನ ಹತ್ತಿರ ಲೋಹಕ್ಕೆ ಹಾಕುವ ಸಣ್ಣ ಬಿಟ್‌ಗಳ ಸೆಟ್ ಇತ್ತು. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದ ಅಂತರದಲ್ಲಿ. ಅಪ್ಪ ಕನ್ನಡಕ ಹಣೆಗೇರಿಸಿದರು, ಕಾರ್ಬೊರೇಟರನ್ನು ಮಡಿಲಲ್ಲಿ ಇಟ್ಟುಕೊಂಡರು. ಬಿಟ್ಟಿನ ಚೂಪು ತುದಿ ಬಿಟ್ಟು, ನುಣುಪಾಗಿರುವ ಹಿಂಬದಿಯನ್ನು ಪಿನ್ನಿನ ತೂತಿಗೆ ತೂರಿಸಿ ನೋಡಿದರು. 2.4 ಲೊಡಲೊಡ. 2.6 ಒಳಗೇ ಹೋಗಲಿಲ್ಲ. 2.5 ಬೆರಳಿನಿಂದ ತಳ್ಳಿದರೆ ಹೋಯಿತು, ತಲೆಕೆಳಗೆ ಮಾಡಿದರೆ ಬೀಳಲಿಲ್ಲ.

“ಗೋ, ನೋ-ಗೋ,” ಎಂದರು. ಒಳಹೋಗಬೇಕಾದ ಅಳತೆ ಒಳಹೋಗಬೇಕು, ಹೋಗಬಾರದ ಅಳತೆ ಹೋಗಬಾರದು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅವರು ಹಿಡಿದ ಗೇಜಿನ ಲೆಕ್ಕವೇ ಅದು. ಕಣ್ಣು ಬೇಕಾಗಲಿಲ್ಲ, ಕೈ ನಡುಗಿದ್ದೂ ಅಡ್ಡ ಬರಲಿಲ್ಲ. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಹೊಸದೊಂದು 2.5 ಬಿಟ್ ಕೊಂಡು ಡೊಂಬಿವಲಿ ಎಂಐಡಿಸಿಗೆ ಹೋದೆ. ಬಿಟ್ಟಿನ ಉಕ್ಕು ಗಟ್ಟಿ, ಮನೆಯ ಗರಗಸಕ್ಕೆ ಬಗ್ಗುವುದಿಲ್ಲ. ಒಂದು ಲೇಥ್ ಶೆಡ್ಡಿನಲ್ಲಿ ಹಿಂದಿಯಲ್ಲಿ ಕೇಳಿದೆ. ಕೆಲಸ ಮಾಡುತ್ತಿದ್ದವರು ನೋಡೋಣ ಇರಿ ಅಂದರು. ಉದ್ದ ಎಷ್ಟು ಎಂದು ಕೇಳಲು ಅಪ್ಪನಿಗೆ ಫೋನ್ ಮಾಡಿದೆ. ಫೋನ್ ಇಟ್ಟಾಗ ಅವರು ನನ್ನನ್ನೇ ನೋಡುತ್ತಿದ್ದರು.

“ಕನ್ನಡದವ್ರೇನ್ರಿ? ಯಾವ ಊರು?”

“ಮೈಸೂರು.”

“ಈ ಒಂದ್ ಪಿನ್ನಿಗೆ ಮೈಸೂರಿಂದ ಬಂದೀರೇನ್ರಿ?”

ಅವರದು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಗ್ರೈಂಡರ್ ಚಕ್ರದಲ್ಲಿ ಬಿಟ್ಟಿನ ಹಿಂಬದಿ ಕತ್ತರಿಸಿ, ಎರಡೂ ತುದಿಯ ಚೂಪು ತೆಗೆದು, ತಮ್ಮ ಅಂಗಿಯ ತೋಳಿಗೆ ಒರೆಸಿ ಕೊಟ್ಟರು. ಹಾಗೇ ಇನ್ನೊಂದನ್ನೂ ಮಾಡಿದರು. “ಒಂದು ಮತ್ತ ಮೋರಿಗೆ ಬಿದ್ರ ಇರ್ಲಿ.” ದುಡ್ಡು ಕೊಡಹೋದೆ. “ರೊಕ್ಕ ಬ್ಯಾಡ್ರಿ. ನಮ್ಮ ಊರಾಗ ಒಬ್ಬ ಮಾಸ್ತರ ಕಡೆ ಯೆಜ್ಡಿ ಇತ್ತು. ಚಾಲೂ ಆತಂದ್ರ ಒಂದ್ ಸಲ ಈ ಕಡಿ ತಗೊಂಡ್ ಬರ್ರಿ.”

ಸೋಮವಾರ ರಾತ್ರಿ ಜೋಡಿಸಿದೆವು. ನಾಲ್ಕನೇ ಕಿಕ್ಕಿಗೆ ಹಿಡಿಯಿತು. ಪಾರ್ಕಿಂಗ್ ತುಂಬ ನೀಲಿ ಹೊಗೆ, ವಾಚ್‌ಮನ್ ಮೂರನೇ ಸಲ ಓಡಿ ಬಂದ. ಅಪ್ಪ ಒಂದು ಕೈ ಸೀಟಿನ ಮೇಲಿಟ್ಟು ನಿಂತಿದ್ದರು. “ಏರ್ ಸ್ಕ್ರೂ ಕಾಲು ಸುತ್ತು ಹೊರಗೆ. ಇನ್ನೊಂಚೂರು. ಸಾಕು.” ಅವರಿಗೆ ಸೈಲೆನ್ಸರಿನ ಸದ್ದಿನಲ್ಲಿ ಏನೋ ಕೇಳುತ್ತಿತ್ತು, ನನಗೆ ಅಷ್ಟೂ ಒಂದೇ ಸದ್ದು. ಗುರುವಾರ ಕಲ್ಯಾಣದ ತಪಾಸಣೆ ಮುಗಿಯಿತು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದರು. ಮೈಸೂರಿನ ಅಕ್ಷರಗಳು ಮಹಾರಾಷ್ಟ್ರದ ಫೈಲಿಗೆ ಸೇರಿದವು.

ಹಳೆಯ ಗಾಡಿ ಬಿಚ್ಚಬೇಕೆಂದಿರುವ ಓದುಗರಿಗೆ ನನ್ನ ಅನುಭವದಿಂದ ಇಷ್ಟು. ಬಿಚ್ಚುವ ಮುಂಚೆ ಏನೂ ಆರ್ಡರ್ ಮಾಡಬೇಡಿ. ಕಾರ್ಬೊರೇಟರಿನ ಮೈಮೇಲಿನ ಬರಹದ ಫೋಟೊ ತೆಗೆಯಿರಿ. ಹಳೆಯ ಭಾಗ ಎಷ್ಟೇ ಕೆಟ್ಟಿದ್ದರೂ ಎಸೆಯದೆ ಅಂಗಡಿಗೆ ತೆಗೆದುಕೊಂಡು ಹೋಗಿ. ಕೊಳ್ಳಬೇಕಾಗಿಲ್ಲದ ಭಾಗಗಳ ಅಳತೆಯನ್ನೂ ಬರೆದಿಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ, ಗಾಡಿಯಲ್ಲಿ ಏನೇನು ಬದಲಾಯಿಸಿದ್ದೀರಿ, ಯಾಕೆ ಬದಲಾಯಿಸಿದಿರಿ ಎಂದು ಈಗಲೇ ಕೇಳಿ.

ಮಾತು ಕೊಟ್ಟಂತೆ ಮುಂದಿನ ಭಾನುವಾರ ಎಂಐಡಿಸಿಗೆ ಹೋದೆವು, ಅಪ್ಪ ಹಿಂದಿನ ಸೀಟಿನಲ್ಲಿ. ಇಂಡಿಯವರು ರಜೆಯ ದಿನವೂ ಶೆಡ್ಡಿನಲ್ಲೇ ಇದ್ದರು. ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದರು. ಅವರು ದೂರದ ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಅಪ್ಪ ರಸ್ತೆ ಬದಿಯಲ್ಲಿ ತಲೆ ಓರೆ ಮಾಡಿ ಕೇಳಿದರು.

“ಅರ್ಧ ಥ್ರಾಟಲ್ಲಲ್ಲಿ ಸ್ವಲ್ಪ ರಿಚ್ ಇದೆ. ನೀಡಲ್ ಕ್ಲಿಪ್ಪನ್ನ ಒಂದು ಗೀರು ಮೇಲೆ ಹಾಕಬೇಕು.”

ಆ ಕ್ಲಿಪ್ ಪಿನ್ನಿಗಿಂತಲೂ ಚಿಕ್ಕದು, ಒತ್ತಿದರೆ ಚಿಮ್ಮುವಂಥದ್ದು. ಸಂಜೆ ಮನೆಗೆ ಬಂದು ನಾನು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಅಪ್ಪ ಡ್ರೈ ಬಾಲ್ಕನಿಯಲ್ಲಿ ಬಿಳಿ ಪಂಚೆ ಹಾಸಿ ಕೂತಿದ್ದರು. ಜಾಲರಿಗೆ ಒಂದು ಹಳೇ ಕಾಲುಚೀಲ ತುರುಕಿತ್ತು.